ಅಜ್ಜಿಗೆ ಸಿಕ್ಕ ಅತ್ತೆ

ಗೆಳೆಯರೇ, ಮನೆಗೆ ಕೆಲಸಕ್ಕೆ ಬಂದವರ ಊರು, ಮನೆತನ ಕೇಳುವ ಮೊದಲು ಸ್ವಲ್ಪ ಯೋಚಿಸಿ.

ನಮ್ಮಜ್ಜಿಯ ಸೊಂಟದ ಮೂಳೆ ಮುರಿದು ಈಗಷ್ಟೇ ಕೂಡುತ್ತಿದೆ. ಅತ್ತೆಯನ್ನು ಎತ್ತಿ ಕೂರಿಸಿ ಅಮ್ಮನ ಬೆನ್ನು ಹಿಡಿದುಕೊಂಡಿದೆ. ಅಜ್ಜಿಗೆ ಸ್ನಾನ ಮಾಡಿಸಿ ನಡೆದಾಡಿಸಲು ಇವತ್ತು ಬೆಳಿಗ್ಗೆ ಮೈಸೂರಿನ ಏಜೆನ್ಸಿಯಿಂದ ಮಂಗಳಾ ಎಂಬ ಹುಡುಗಿ ಬಂದಳು. ಹಿಂದೆ ಬಂದವಳನ್ನು ಅಜ್ಜಿ ಬಾಗಿಲಿನಿಂದಲೇ ಕಳಿಸಿದ್ದರು. ಇವಳೂ ಹೋದರೆ ಅಮ್ಮನಿಗೆ ದಿಕ್ಕಿಲ್ಲ.

ಮೈ ಮುಟ್ಟಗೊಡುವ ಮೊದಲು ಅಜ್ಜಿಯ ವಿಚಾರಣೆ ಶುರುವಾಯಿತು.

"ಯಾವೂರವ್ವ ನಿಂದು? ಯಾರ ಮಗಳು?"

"ಕವಲಂದೆ ಕಣಜ್ಜಿ. ಗುರುಮಲ್ಲಪ್ಪನ ಮಗಳು."

ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿದರು. "ದಾಯಾದಿ ಲೆಕ್ಕದಲ್ಲಿ ನಿಮ್ಮಪ್ಪ ನಮ್ಮ ಮಾವನೋರ್ಗೆ ಚಿಕ್ಕಪ್ಪ ಆಗ್ಬೇಕು. ಅಲ್ಲಿಗೆ ನೀವು ನಂಗೆ ಅತ್ತೆ." ತಟ್ಟನೆ ಬಹುವಚನಕ್ಕೆ ಬಂದು ಸೆರಗು ಹೊದ್ದುಕೊಂಡರು. "ಅತ್ತೆ ಕೈಲಿ ಕಾಲು ತೊಳ್ಸ್ಕಳಕ್ಕಾದದಾ? ಹೋಗ್ಬನ್ನಿ."

ಎಂಬತ್ತು ದಾಟಿದ ಸೊಸೆ, ಇನ್ನೂ ಮದುವೆಯಾಗದ ಅತ್ತೆ. ಅಮ್ಮ ತಲೆಯ ಮೇಲೆ ಕೈ ಹೊತ್ತರು. ನಾನು ಟವೆಲ್ ಹಿಡಿದು ಬಾಗಿಲ ಹಿಂದೆಯೇ ಉಳಿದೆ.

ಮಂಗಳಾ ತನ್ನ ಸೊಂಟದ ಮೇಲೆ ಕೈಯಿಟ್ಟಳು. "ನಿಮ್ಮತ್ತೆ ಹೇಳ್ತಾವ್ಳೆ, ಕೇಳು. ನೀರು ಆರೋಯ್ತದೆ, ಎದ್ದು ಬಾ."

"ಬಂದೆ ಅತ್ತೆ," ಎಂದು ಅಜ್ಜಿ ಅವಳ ಭುಜ ಹಿಡಿದು ಎದ್ದೇಬಿಟ್ಟರು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅದು ಸ್ನಾನ ಮುಗಿಯುವವರೆಗೆ ಮಾತ್ರ. ತಲೆ ಒರೆಸಿಸಿಕೊಳ್ಳುತ್ತಲೇ ಅಜ್ಜಿ ಅಮ್ಮನನ್ನು ಕರೆದರು: "ನಂಗೇ ಅತ್ತೆ ಅಂದ್ಮೇಲೆ ನಿಂಗೆ ಇನ್ನೂ ದೊಡ್ಡೋರು. ಕಾಫಿ ಕೊಟ್ಟು ಕಾಲಿಗೆ ಬೀಳು."

ಒಬ್ಬ ಅತ್ತೆಯ ಭಾರ ಇಳಿಸಲು ಸಹಾಯಕ್ಕೆ ಕರೆಸಿದ್ದೆವು. ಅಮ್ಮನಿಗೆ ಈಗ ಇಬ್ಬರು.