ಗ್ರಾಮಸಭೆಯಲ್ಲಿ ನನ್ನ ಕೊಡ

ನನಗಾಗ ಅರವತ್ತೊಂದು. ಒಂಬತ್ತು ವರ್ಷದ ಹಿಂದಿನ ಮಾತು. ಅಡಿಕೆ ಸುಲಿಯುವ ಕೆಲಸಕ್ಕೆಂದು ಮಗಳು ರತ್ನಳ ಜೊತೆ ಜಗಳೂರಿನ ಕಡೆಯಿಂದ ಬಂದು ಚನ್ನಗಿರಿ ತಾಲ್ಲೂಕಿನ ಒಂದೂರಿನಲ್ಲಿ ಬಸ್ಸಿಳಿದರೆ, ಕಾಲುವೆ ತುಂಬ ನೀರು ಸುಮ್ಮನೆ ಹರಿದುಹೋಗುತ್ತಿದೆ! ಕಾಯುವವರಿಲ್ಲ. ಒಬ್ಬಳೂ ಇನ್ನೊಬ್ಬಳ ಜುಟ್ಟು ಹಿಡಿದಿಲ್ಲ. ಇದೆಂಥ ಊರು ಎನ್ನಿಸಿತು.

ಆದರೆ ನಾವು ಬಾಡಿಗೆಗಿದ್ದ ಓಣಿಗೆ ನಲ್ಲಿ ಇರಲಿಲ್ಲ. ಹದಿನಾಲ್ಕು ಮನೆ, ಎಲ್ಲರೂ ಹೊರಗಿನಿಂದ ಬಂದವರು. ಶಾಲೆಯ ಆಚೆಯಿಂದ ನೀರು ಹೊರಬೇಕು. ಅಡಿಕೆ ಸುಲಿದು ಬೆರಳು ಕಪ್ಪಾದವು, ರೊಟ್ಟಿ ಬಿಟ್ಟು ಅನ್ನ ಉಣ್ಣುವುದೂ ರೂಢಿಯಾಯಿತು, ನಲ್ಲಿ ಮಾತ್ರ ಬರಲಿಲ್ಲ.

ಗ್ರಾಮಸಭೆಯಲ್ಲಿ ಕೇಳಿ ಎಂದರು ಊರವರು. ನಮ್ಮ ಕಡೆ ಟ್ಯಾಂಕರ್ ಬರುವ ದಿನ ಸಾಲಿನಲ್ಲಿ ಕೊಡ ಇಟ್ಟು ಮನೆಗೆ ಹೋಗುತ್ತೇವೆ. ಕೊಡ ಇದ್ದರೆ ಪಾಳಿ ಇದ್ದಂತೆ, ಯಾರೂ ಮುಟ್ಟುವುದಿಲ್ಲ. ಅದೇ ಧೈರ್ಯದ ಮೇಲೆ ಸಭೆಯ ಮುಂದಿನ ಕುರ್ಚಿಯಲ್ಲಿ ಕೊಡ ಇಟ್ಟು, ಒಲೆ ನೋಡಲು ಹೋದೆ. ಬರುವಷ್ಟರಲ್ಲಿ ಪಂಚಾಯಿತಿ ಮೆಂಬರ್ ಅದನ್ನು ಎತ್ತಿ ಹಿಡಿದು ನಿಂತಿದ್ದ.

“ಯಾರದ್ರೀ ಈ ಕೊಡ?”

“ನಂದು. ಮೊದ್ಲು ಮಾತಾಡಾಕೆ ಪಾಳಿ ಹಿಡಿದೀನಿ.”

ಸಭೆಯೆಲ್ಲ ನಕ್ಕಿತು. “ನಿಮ್ಮ ಓಟು ಎಲ್ಲೈತೆ ಅಜ್ಜಿ?” ಎಂದ.

“ಜಗಳೂರು ಕಡೆ.”

“ಹಂಗಾದ್ರೆ ಅಲ್ಲೇ ಕೇಳ್ರಿ. ಇಲ್ಲಿ ಪಟ್ಟಿಯಾಗೆ ಹೆಸರಿದ್ದೋರಿಗಷ್ಟೇ ಮಾತು.”

“ನೀರು ಕುಡಿಯಾಕೂ ಪಟ್ಟಿ ಬೇಕೇನಪ್ಪಾ?”

ಕೊಡ ಮಾತ್ರ ವಾಪಸ್ ಬಂತು.

ಮತದಾರರ ಪಟ್ಟಿ ನೋಡಿಕೊಳ್ಳುತ್ತಿದ್ದ ಅಂಗನವಾಡಿ ಟೀಚರ್ ನನಗೆ ತಿಳಿಸಿ ಹೇಳಿದಳು: “ಎಲ್ಲರೂ ಹೋಗಿ ಸರ್ಕಾರದಾಗೆ ಕುಂದ್ರಾಕೆ ಆಗಲ್ಲಜ್ಜಿ. ಅದಕ್ಕೇ ಓಟು ಹಾಕಿ, ನಮ್ಮ ಬದಲಿಗೆ ಒಬ್ಬರನ್ನ ಕಳಿಸ್ತೀವಿ.”

“ಗೊತ್ತಾತು ಬಿಡವ್ವ. ಮೆಂಬರ್ ಅಂದ್ರೆ ನಮ್ಮ ಕೊಡ ಇದ್ದಂಗೆ. ಆದ್ರೆ ಕೊಡ ಇಟ್ಟ ಜಾಗದಾಗೇ ಇರ್ತೈತೆ.”

ಅವಳು ನಗುತ್ತಲೇ ಅರ್ಜಿ ಕೊಟ್ಟಳು. ಇಲ್ಲಿ ಹೆಸರು ಸೇರಿದರೆ ಅಲ್ಲಿಯದನ್ನು ತೆಗೆಯುತ್ತಾರಂತೆ. ಪೆನ್ನು ನಿಂತಿತು. ನಮ್ಮೂರಿನಲ್ಲಿ ಓಟಿನ ದಿನ ಮತಗಟ್ಟೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುವವಳು ನಾನು.

“ಹಾಕು ಯವ್ವ ಸೈನು, ನೀರು ಹೊರೋದು ನಾನು” ಎಂದಳು ರತ್ನ. ಹಾಕಿದೆ. ಆಮೇಲೆ ಓಣಿಯವರನ್ನೂ ಬಿಡಲಿಲ್ಲ. ಬೈದು ಬೈದು ಎಲ್ಲರಿಂದಲೂ ಅರ್ಜಿ ಕೊಡಿಸಿದೆ.

ಆ ಮೆಂಬರ್ ಗೆದ್ದಿದ್ದು ಹನ್ನೊಂದು ಓಟಿನ ಅಂತರದಿಂದ. ನಮ್ಮ ಓಣಿಯಲ್ಲೀಗ ಮೂವತ್ತು. ಮುಂದಿನ ಗ್ರಾಮಸಭೆಯಲ್ಲಿ ಆತನೇ ಕುರ್ಚಿ ಒರೆಸಿ ನನ್ನನ್ನು ಕೂರಿಸಿದ. ನಡಾವಳಿ ಪುಸ್ತಕದಲ್ಲಿ ನಮ್ಮ ನಲ್ಲಿಯನ್ನೇ ಮೊದಲು ಬರೆದರು. ಅಕ್ಷರ ಕೂಡಿಸಿ ಕೂಡಿಸಿ ಓದಿ ಮುಗಿಸುವವರೆಗೆ ನಾನು ರುಜು ಹಾಕಲಿಲ್ಲ. ಸಭೆಯವರು ಆಕಳಿಸಿದರು, ಆಕಳಿಸಲಿ. ನೀರು ಬರಲು ಆಮೇಲೂ ಒಂದು ವರ್ಷ ಹಿಡಿಯಿತು.

ನೀರು ಬಂದ ದಿನವೇ ಊರಿನಿಂದ ನಾದಿನಿ ಹನುಮಕ್ಕನ ಫೋನು.

“ಅತ್ತಿಗೆ, ಇಲ್ಲಿ ಮೆಂಬರ್ ಜಾಗ ಖಾಲಿ ಆಗೈತೆ, ನಾನೇ ನಿಂತೀನಿ. ನಿನ್ನ ಓಟೇ ಮೊದಲನೇದು ಅಂತ ಬರ್ಕಂಡೀನಿ.”

“ನನ್ನ ಓಟು ಇಲ್ಲಿಗೆ ತಂದ್ಬಿಟ್ಟೆನಲ್ಲೇ.”

“ಒಂದು ನಲ್ಲಿಗೆ ಊರನ್ನೇ ಬಿಟ್ಟುಕೊಟ್ಯಾ?” ಎಂದವಳೇ ಫೋನಿಟ್ಟಳು.

ಬೈಗುಳ ನನಗೆ ಹೊಸದಲ್ಲ, ಇದು ಮಾತ್ರ ನಾಟಿತು. ಇಲ್ಲಿಯವರಿಗೆ ನಾನು ಇವತ್ತಿಗೂ ಜಗಳೂರಜ್ಜಿ. ಜಗಳೂರಿನ ಪಟ್ಟಿಯಲ್ಲಿ ನಾನಿಲ್ಲ. ಟೀಚರ್ ಹತ್ತಿರ ಹೋಗಿ, “ಓಟು ಇಲ್ಲದ ಊರಾಗೆ ಬೇರೆಯೋರಿಗೆ ಓಟು ಕೇಳಬಹುದೇನವ್ವ?” ಎಂದೆ.

“ಕೇಳಬಹುದಜ್ಜಿ, ಅದಕ್ಯಾರೂ ಬ್ಯಾಡ ಅನ್ನಲ್ಲ.”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಊರಿಗೆ ಹೋದೆ. ಹನುಮಕ್ಕನ ಮನೆಗೂ ಹೋಗದೆ, ಅವಳನ್ನು ಕಂಡರೆ ಆಗದವರ ಬೀದಿಯಿಂದಲೇ ಶುರು ಮಾಡಿ, ಒಂದೊಂದೇ ಬಾಗಿಲು ಬಡಿದು ಅವಳಿಗೇ ಓಟು ಕೇಳುತ್ತ ಬಂದೆ.