ಹದಿಮೂರನೇ ಗಂಟು

ನಮ್ಮ ಭೂಗೋಳದ ಮೇಷ್ಟ್ರ ಜುಬ್ಬಾದ ಜೇಬಿನಿಂದ ಸದಾ ಒಂದು ಬಿಳಿ ದಾರದ ತುದಿ ಇಣುಕುತ್ತಿತ್ತು. ಆ ದಾರದಲ್ಲಿ ಸಾವಿರ ಕಿಲೋಮೀಟರಿಗೊಂದು ಗಂಟು. ಭದ್ರಾವತಿಯ ಶಾಲೆಯಲ್ಲಿ ಅದನ್ನು ಗ್ಲೋಬಿನ ಮೇಲೆ ಎಳೆಸಿ ನಮ್ಮಿಂದ ಊರೂರುಗಳ ದೂರ ಅಳೆಸುತ್ತಿದ್ದರು. ಯಾರಾದರೂ ‘ಸುಮಾರು’ ಅಂದರೆ ಮುಗಿಯಿತು. “ಸುಮಾರು ಅನ್ನೋದು ಸೋಮಾರಿಗಳ ಅಳತೆ. ಮತ್ತೆ ಅಳೆ!” ನೂಲಿನಷ್ಟು ತಪ್ಪಿದರೂ ಬಿಡುತ್ತಿರಲಿಲ್ಲ. ನನಗೆ ಅವರನ್ನು ಕಂಡರೆ ಸಿಟ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮದುವೆಯಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದರೆ, ನಿವೃತ್ತರಾದ ಮೇಷ್ಟ್ರು ಎದುರು ಮನೆಯಲ್ಲೇ! ಶಾಲೆಯವರು ಬೀಳ್ಕೊಡುವಾಗ ಕೊಟ್ಟ ಹಳೇ ಗ್ಲೋಬು ಟಿ.ವಿ. ಪಕ್ಕದಲ್ಲಿ ಕೂತಿತ್ತು.

ಎರಡು ವರ್ಷದ ಹಿಂದೆ, ಮಾಚೇನಹಳ್ಳಿಯ ಫೌಂಡ್ರಿಯವರು ನನ್ನ ಗಂಡನನ್ನು ಯಂತ್ರ ಕೂರಿಸಲು ಬ್ರೆಜಿಲಿಗೆ ಕಳಿಸಿದರು. ವಿಮಾನ ಹತ್ತಿದ್ದು ಅದೇ ಮೊದಲು. ಹಿಂದಿನ ತಿಂಗಳಷ್ಟೇ ರಕ್ತದಲ್ಲಿ ಸಕ್ಕರೆ ಇಳಿದು ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಬಾಗಿಲು ಒಡೆಸಿ ಹೊರತಂದವಳು ನಾನು. ದೋಹಾದಲ್ಲಿ ವಿಮಾನ ಬದಲಿಸಿ, ನಮ್ಮ ಲೆಕ್ಕದ ರಾತ್ರಿ ಹತ್ತಕ್ಕೆ ಸಾವೊ ಪಾಲೊಗೆ ಹೊರಟರು. ಬೆಳಿಗ್ಗೆ ವಿಮಾನದ ದಾರಿಯನ್ನು ಮೊಬೈಲಿನ ನಕ್ಷೆಯಲ್ಲಿ ನೋಡುತ್ತಿದ್ದೆ. ಆಫ್ರಿಕಾ ದಾಟಿದ್ದೇ ತಡ, ವಿಮಾನದ ಚುಕ್ಕೆ ಮಾಯ. ಎದುರು ಮನೆಗೆ ಓಡಿದೆ.

“ಸಾರ್, ವಿಮಾನ ಕಾಣಿಸ್ತಿಲ್ಲ!”

“ಸಮುದ್ರದ ಮಧ್ಯೆ ನೋಡೋಕೆ ಯಾರು ಕೂತಿರ್ತಾರೆ ಮಾರಾಯ್ತಿ? ಆ ಚುಕ್ಕೆ ಇನ್ನು ನೋಡ್ಬೇಡ. ಬಾ, ಕೂತ್ಕೋ.”

ಗ್ಲೋಬಿನ ಮೇಲೆ ದಾರ ಹಿಡಿದರು. ಹನ್ನೆರಡು ಗಂಟು. ಒಂದೊಂದಕ್ಕೆ ಒಂದೂಕಾಲು ಗಂಟೆಯಂತೆ ಹದಿನೈದು ಗಂಟೆ. “ಮಧ್ಯಾಹ್ನ ಒಂದಕ್ಕೆ ಇಳೀತಾರೆ ನಿಮ್ಮನೆಯವರು. ಸಾಲು, ಸೂಟ್‌ಕೇಸು ಅಂತ ಇನ್ನೆರಡು ಗಂಟೆ. ಮೂರರವರೆಗೆ ಹೆದರೋ ಹಾಗಿಲ್ಲ.”

ಮೂರಾಯಿತು. ಫೋನಿಲ್ಲ. ಮತ್ತೆ ಓಡಿದೆ. ವಿಮಾನದ ಬಚ್ಚಲಲ್ಲಿ ಬಿದ್ದಿದ್ದರೆ? ಅಲ್ಲಿ ಬಾಗಿಲು ಒಡೆಯುವವರು ಯಾರು? ಅದನ್ನೇ ಹೇಳಿ ಅತ್ತುಬಿಟ್ಟೆ.

“ಒಳಗೆ ಹೋಗಿ ಮುಖ ತೊಳ್ಕೊಂಡು ಬಾ” ಎಂದರು. ನಾನು ಬರುವಾಗ ಕನ್ನಡಕ ಹಣೆಗೇರಿಸಿ ಗ್ಲೋಬಿನ ಮೇಲೆ ಬಗ್ಗಿದ್ದರು.

“ನಂದೇ ತಪ್ಪು ಕಣಮ್ಮ. ಹದಿಮೂರು ಗಂಟಿದೆ, ನೀನೇ ಎಣಿಸು. ನಾಲ್ಕೂಕಾಲರವರೆಗೆ ಟೈಮಿದೆ.”

ಎಣಿಸಿದೆ. ಹದಿಮೂರೇ. ಮೇಷ್ಟ್ರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಆ ಒಂದೂಕಾಲು ಗಂಟೆಗೆ ಜೋತುಬಿದ್ದು ಕೂತೆ.

ಮೂರೂಮುಕ್ಕಾಲಿಗೆ ಫೋನ್ ಬಂತು. “ಸಾಲಲ್ಲೇ ನಿಂತಿದ್ದೆ ಮಾರಾಯ್ತಿ, ವೈಫೈ ಸಿಗ್ಲಿಲ್ಲ. ಊಟ ಆಯ್ತಾ?” ನಾನು ಬೈದದ್ದು ರಾಗಿಗುಡ್ಡದವರೆಗೂ ಕೇಳಿಸಿರಬೇಕು. “ಆಗಿಲ್ಲ ಅಂತ ಹೇಳು” ಎನ್ನುತ್ತಾ ಮೇಷ್ಟ್ರು ದಾರ ಸುತ್ತಿ ಜೇಬಿಗೆ ಹಾಕಿಕೊಂಡರು.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಅವರ ಹೆಂಡತಿ ಗ್ಲೋಬನ್ನೂ ದಾರವನ್ನೂ ನನಗೇ ಕೊಟ್ಟರು. ಮನೆಗೆ ತಂದವಳು ಸುಮ್ಮನೆ ದೋಹಾದಿಂದ ಸಾವೊ ಪಾಲೊಗೆ ದಾರ ಎಳೆದೆ. ಹನ್ನೆರಡು ಗಂಟುಗಳು ಅಳೆದಿಟ್ಟ ಹಾಗೆ ಸಮ ದೂರದಲ್ಲಿದ್ದವು. ಏಳನೆಯದರ ಪಕ್ಕಕ್ಕೇ ಒತ್ತಿಕೊಂಡು ಒಂದು ಮಾತ್ರ ಓರೆಯಾಗಿ, ಅವಸರದಲ್ಲಿ ಹಾಕಿದ್ದು. ನಾನು ಮುಖ ತೊಳೆದು ಬರುವಷ್ಟರಲ್ಲಿ ಹಾಕಿದ್ದು.

ನೂಲಿನಷ್ಟು ತಪ್ಪನ್ನೂ ಬಿಡದ ಮನುಷ್ಯ ನನಗಾಗಿ ಭೂಮಿಯನ್ನು ಸಾವಿರ ಕಿಲೋಮೀಟರು ಹಿಗ್ಗಿಸಿದ್ದರು. ದಾರ ಹಿಡಿದು ಅಳುತ್ತಾ ಕೂತೆ. ಏನೂ ತಿಳಿಯದ ನನ್ನ ಗಂಡ, ಸಿಕ್ಕುಬಿದ್ದಿದೆ ಅಂದುಕೊಂಡು ಆ ಗಂಟಿಗೆ ಉಗುರು ಹಾಕಿದರು.

“ಅದನ್ನ ಬಿಚ್ಬೇಡಿ” ಎಂದೆ.