ಸೋಮವಾರದ ಮಾತ್ರೆ

ಉಪವಾಸವಿದ್ದ ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟರು. ಒಂದು ಸಲವಲ್ಲ, ಸತತ ಮೂರು ಸೋಮವಾರ. ಏನೋ ತಪ್ಪಾಗುತ್ತಿದೆ ಎಂದು ನಾನು ಹೇಳಿದಾಗ, ಬೀದರಿನ ಈ ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಎಲ್ಲರೆದುರು ನನ್ನನ್ನು ನಗೆಗೀಡು ಮಾಡಿದರು.

ಅಕ್ಕ ಮತ್ತು ನಾನು ಔರಾದದಿಂದ ಬಂದವರು. ನಾನು ತಹಶೀಲ್ ಕಚೇರಿಯ ದಾಖಲೆ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಯಾರು, ಯಾವ ದಿನ, ಏನೆಂದರು ಎಂಬುದನ್ನು ಬರೆದಿಡುವ ಅಭ್ಯಾಸ ಹೋಗಿಲ್ಲ. ಅಕ್ಕ ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರನ್ನೂ ಹಾಕುವವಳಲ್ಲ. ಸೋಮವಾರ ಒಂದೇ ಹೊತ್ತಿನ ಊಟ, ಅದೂ ಸಂಜೆ ದೀಪ ಹಚ್ಚಿದ ಮೇಲೆ.

ಈ ಮಾತ್ರೆ ಶುರುವಾದ ಮೊದಲ ಸೋಮವಾರ ಮಧ್ಯಾಹ್ನ ಅವಳು ಬೆವತು ನಡುಗಿದಳು. ಎರಡನೆಯ ಸೋಮವಾರ ಮಾತು ತೊದಲಿತು. ಮೂರನೆಯ ಸೋಮವಾರ ನಾನು ಕೈ ಹಿಡಿದಾಗ ಆ ಕೈ ತಣ್ಣಗೆ ಒದ್ದೆಯಾಗಿತ್ತು. ನನ್ನನ್ನು ದಿಟ್ಟಿಸಿ ಕೇಳಿದಳು: "ಯಾರಪಾ ನೀ? ಯಾರ ಮನಿಯಂವ?"

ಅಲ್ಲೇ ನೆಲಕ್ಕೆ ಕುಳಿತು, ನಾನು ಅವಳ ತಮ್ಮನೆಂದು ಹೇಳಿದೆ. ನನ್ನನ್ನು 'ತಮ್ಮಾ' ಎಂದು ಕರೆಯುವವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಸಂಜೆ ಉಂಡ ಮೇಲೆ ಅವಳು ಸರಿಹೋದಳು. ನಾನು ಸರಿಹೋಗಲಿಲ್ಲ, ಮುಂದಿನ ಸೋಮವಾರಕ್ಕೆ ದಿನ ಎಣಿಸತೊಡಗಿದೆ.

ಊಟದ ಕೋಣೆಯಲ್ಲಿದ್ದ ಮ್ಯಾನೇಜರ್ ಬಳಿ ಹೋದೆ. ಕೂರಲು ಕುರ್ಚಿ ತೋರಿಸಲಿಲ್ಲ.

"ವಯಸ್ಸಾಗ್ಯಾದ್ರಿ, ಮ್ಯಾಲ ಉಪಾಸ ಮಾಡ್ತಾರ. ನಿಶ್ಶಕ್ತಿ ಅಷ್ಟೇ."

"ಮಂಗಳವಾರ ಯಾಕ ವಯಸ್ಸಾಗಂಗಿಲ್ರಿ ಆಕಿಗಿ?"

"ಅಜ್ಜಾರ, ನಿಮಗ ವಹಮ್ ಹಿಡದದ, ಬರೇ ಸಂಶಯ. ನಿಮಗೂ ಒಂದ್ ಗುಳಿಗಿ ಬರಸ್ಲೇನು?"

ಊಟಕ್ಕೆ ಕುಳಿತವರಲ್ಲಿ ಇಬ್ಬರು ನಕ್ಕರು. ಇಬ್ಬರೂ ಯಾರೆಂದು ಬರೆದಿಟ್ಟಿದ್ದೇನೆ.

ಅದೇ ವಾರ ಆಶ್ರಮಕ್ಕೆ ಒಬ್ಬ ಫಾರ್ಮಸಿಸ್ಟ್ ಬಂದರು. ಆಶ್ರಮ ನಡೆಸುವ ಟ್ರಸ್ಟಿನವರು ಪ್ರಯೋಗಕ್ಕೆಂದು ನೇಮಿಸಿದ್ದ ಆ ಹೆಣ್ಣುಮಗಳು ದಿನಾ ಭಾಲ್ಕಿಯಿಂದ ರೈಲಿನಲ್ಲಿ ಬಂದು ನಮ್ಮ ನಡುವೆಯೇ ಕೂರುತ್ತಿದ್ದರು. ಎಲ್ಲರೂ 'ಗುಳಿಗಿ ಮೇಡಂ' ಎಂದು ಕರೆದರು. ನನ್ನ ಮಾತು ಕೇಳಿ, ಮುಂದಿನ ಸೋಮವಾರ ಅವರು ನನ್ನೊಂದಿಗೆ ಅಕ್ಕನ ಕೋಣೆಗೆ ಬಂದರು. ರಿಜಿಸ್ಟರಿನಲ್ಲಿ 'ನಾಷ್ಟಾ ನಂತರ ಕೊಟ್ಟಿದೆ' ಎಂಬ ಗುರುತು ಆಗಲೇ ಬಿದ್ದಿತ್ತು. ಆದರೂ ಕೇಳಿದರು:

"ಅವ್ವಾ, ಮುಂಜಾನಿ ಗುಳಿಗಿ ನುಂಗೀರೇನ್ರಿ?"

ಅಕ್ಕ ಸೆರಗಿನ ತುದಿಯ ಗಂಟು ತೋರಿಸಿದಳು. "ಇಲ್ಲೇ ಅದ ನೋಡವ್ವ. ಪೂಜಾ ಆದ ಮ್ಯಾಲ ನುಂಗ್ತೇನಿ."

"ಮತ್ತ ಊಟ?"

"ಸೋಮಾರ ಅಲ್ಲೇನು ಇವತ್ತ? ದೀಪ ಹಚ್ಚಿದ ಮ್ಯಾಲ. ಅನ್ನ ಬಿಡಬಹುದು, ಡಾಕ್ಟರ್ ಕೊಟ್ಟ ಔಷಧ ಬಿಡಬಾರದಲ್ಲ!"

ಹೇಳುವಾಗ ಅವಳ ಮುಖದಲ್ಲಿ ವಿಧೇಯತೆಯ ಹೆಮ್ಮೆಯಿತ್ತು. ಮೇಡಂ ಮುಖ ಬಿಳಿಚಿಕೊಂಡಿತು. ಗಂಟು ಬಿಚ್ಚಿಸಿ ಮಾತ್ರೆಯನ್ನು ತೆಗೆದುಕೊಂಡರು. ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ, ಈ ಮಾತ್ರೆ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ, ಕೊನೆಗೆ ಎಚ್ಚರವೇ ತಪ್ಪಬಹುದು ಎಂದು ನನಗೆ ಮೆಲ್ಲಗೆ ವಿವರಿಸಿದರು. ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿದರು. ಸೋಮವಾರದ ಮಾತ್ರೆ ಸಂಜೆಯ ಊಟದ ಜೊತೆಗೆಂದು ಡಾಕ್ಟರು ಬದಲಿಸಿದರು. ಮೇಡಂ ಅದನ್ನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಬರೆದರು. ಆಮೇಲೆ ಅಕ್ಕ ನಡುಗಲಿಲ್ಲ. ಮ್ಯಾನೇಜರ್ ಇಂದಿನವರೆಗೂ ನನ್ನ ಕ್ಷಮೆ ಕೇಳಿಲ್ಲ.

ಕೆಲವು ತಿಂಗಳಲ್ಲೇ ಪ್ರಯೋಗ ಮುಗಿಯಿತೆಂದು ಮೇಡಂ ಅವರನ್ನು ಕಳಿಸಿಬಿಟ್ಟರು. ನಾನು ಟ್ರಸ್ಟಿನ ಹಿರಿಯರೊಬ್ಬರನ್ನು ತಡೆದು ಕೇಳಿದೆ.

"ಗುಳಿಗಿ ಗಾಂಧಿ ಗಂಜದ ಮೆಡಿಕಲ್ ದುಕಾನಿಂದ ಬರ್ತಾವ್ರಿ," ಎಂದರು. "ಅಲ್ಲಿ ಫಾರ್ಮಸಿಸ್ಟ್ ಇರ್ತಾನಲ್ಲ. ಮತ್ತೊಬ್ರು ಇಲ್ಲಿ ಕುಂತು ಏನ್ ಮಾಡೋದದ?"

ಅಂಗಡಿಯಲ್ಲಿರುವವನು ಚೀಟಿಯನ್ನು ನೋಡುತ್ತಾನೆ. ಅಕ್ಕನ ಸೆರಗಿನ ಗಂಟನ್ನು ಅವನು ಎಲ್ಲಿಂದ ನೋಡಬೇಕು?

ಕಳೆದ ವಾರ ಹೊಸ ರಿಜಿಸ್ಟರ್ ಬಂತು. ಹಳೆಯದರಿಂದ ನಕಲು ಮಾಡಿದವರು ಕೆಂಪು ಸಾಲನ್ನು ಬಿಟ್ಟಿದ್ದರು. ಸೋಮವಾರ ಅಕ್ಕನ ಕೋಣೆಗೆ ಹೋದಾಗ ಪೂಜೆ ಮುಗಿದಿತ್ತು, ಅಂಗೈಯಲ್ಲಿ ಮಾತ್ರೆಯಿತ್ತು. ಅವಳಿಗೆ ಈಚೆಗೆ ಮರೆವು ಹೆಚ್ಚು; ಮೇಡಂ ಹೇಳಿದ್ದು ನೆನಪಿಲ್ಲ. ಕಸಿದುಕೊಂಡೆ.

"ಕೊಡೋ ತಮ್ಮಾ. ನೀ ಏನ್ ಡಾಕ್ಟರಾ?" ಎಂದು ಗದರಿದಳು.

ಮ್ಯಾನೇಜರಿಗೆ ಮತ್ತೆ ಹೇಳಿದ್ದೇನೆ. "ನೋಡೂಣ್ರಿ" ಎಂದಿದ್ದಾರೆ. ನಾಳಿದ್ದು ಸೋಮವಾರ ನನ್ನ ಕಣ್ಣಿನ ಆಪರೇಷನ್, ಬೆಳಗಿನಿಂದ ಆಸ್ಪತ್ರೆಯಲ್ಲಿರುತ್ತೇನೆ. ಈ ಪತ್ರ ಬರೆಯುತ್ತಿರುವುದು ಕಣ್ಣಿನ ಭಯಕ್ಕಲ್ಲ.

ಟ್ರಸ್ಟಿನ ಮಹನೀಯರೇ, ನನ್ನ ಅಕ್ಕನ ಕೈಗೆ ಮಾತ್ರೆ ಇಡುವ ಮುನ್ನ ಆಕೆ ಉಂಡಿದ್ದಾಳೋ ಇಲ್ಲವೋ ಎಂದು ಕೇಳುವ ಕೆಲಸ ಈಗ ನಿಮ್ಮಲ್ಲಿ ಯಾರದು?